ತುಪ್ಪಳ ಸರಿಸಿ ನೋಡಿದ್ದರೆ

‘ಮಾತ್ರೆ ನಿಲ್ಲಿಸೋಕೆ ಹೇಳಿದವರು ಯಾರು?’

ಡಾಕ್ಟರು ಕೇಳಿದ್ದು ಸಣ್ಣಪ್ಪನನ್ನು. ಬೆವರಿದ್ದು ನಾನು.

ಸಣ್ಣಪ್ಪ ಯಗಟಿಯವನು. ಕಡೂರಿನ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು, ಈಗ ಕುರಿ ಸಾಕುತ್ತಾನೆ. ನಾಲ್ಕು ತಿಂಗಳ ಹಿಂದೆ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ದಿನವೂ ಎರಡು ಬಗೆಯ ಮಾತ್ರೆ. ತಾವು ಹೇಳುವವರೆಗೆ ಒಂದು ದಿನವೂ ತಪ್ಪಿಸಬಾರದು ಅಂತ ಡಾಕ್ಟರ ಕಟ್ಟಪ್ಪಣೆ.

ಅಷ್ಟರಲ್ಲಿ ಉಣ್ಣೆ ಕತ್ತರಿಸುವ ಕಾಲ ಬಂತು. ಕೈಯಲ್ಲಿ ಕತ್ತರಿ, ತೊಡೆಯ ಕೆಳಗೆ ಒದೆಯುವ ಕುರಿ. ಬೆರಳು ಕೊಯ್ಯದೇ ಇರುತ್ತದೆಯೇ? ಪ್ರತಿಸಲ ಚಿಂದಿ ಸುತ್ತಿಕೊಂಡರೆ ಮುಗಿಯುತ್ತಿತ್ತು. ಈ ಸಲ ರಕ್ತ ನಿಲ್ಲಲೊಲ್ಲದು. ಹೆದರಿ ನನಗೆ ಫೋನ್ ಮಾಡಿದ.

ನಾನು ವಾರವಾರ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು (ನಿಮಗೇ ಗೊತ್ತಲ್ಲ). ಹಿಂದಿನ ಭಾನುವಾರವಷ್ಟೇ ಅವನ ಮುಖ ನೋಡಿದ್ದೆ. ಕೆನ್ನೆ ತುಂಬಿಕೊಂಡಿತ್ತು. ‘ಗುಂಡುಕಲ್ಲಿನಂಗಿದ್ದೀಯ. ಕತ್ತರಿ ಕೆಲಸ ಮುಗಿಯೋಗಂಟ ಮಾತ್ರೆ ಬಿಡೋ, ಏನೂ ಆಗಲ್ಲ’ ಅಂದೆ.

ಐದನೇ ದಿನ ಎದೆ ಹಿಡಿಯಿತು. ನಾನೇ ಕಾರಿನಲ್ಲಿ ಕರೆದುಕೊಂಡು ಓಡಿದೆ. ಪುಣ್ಯಕ್ಕೆ ನಾಳ ಪೂರ್ತಿ ಮುಚ್ಚಿರಲಿಲ್ಲ.

ತುದಿಯಲ್ಲಿ ಬೆಳಕಿರುವ ಸಣ್ಣ ತಂತಿಯೊಂದನ್ನು ನಾಳದೊಳಗೆ ಕಳಿಸಿ ಫೋಟೊ ತೆಗೆದಿದ್ದರು. ಮರುದಿನ ಡಾಕ್ಟರು ಅದನ್ನು ಸ್ಕ್ರೀನಿನ ಮೇಲೆ ನಮಗೂ ತೋರಿಸಿದರು. ಗುಂಡನೆಯ ನಾಳ. ಅದರ ಸುತ್ತ ಬೆಳ್ಳಗೆ ಹೊಳೆಯುವ ಚುಕ್ಕೆಗಳು, ಅವೇ ಸ್ಟೆಂಟಿನ ಎಳೆಗಳಂತೆ. ಕೆಲವುಗಳ ಮೇಲೆ ತೆಳ್ಳನೆಯ ಪೊರೆ ಬಂದಿತ್ತು. ಕೆಲವು ಇನ್ನೂ ಬೋಳು. ಬೋಳಾದ ಕಡೆ ಚೂರು ಹೆಪ್ಪು ಅಂಟಿಕೊಂಡಿತ್ತು.

ನಾಳದೊಳಗೆ ಮಾಂಸ ಬೆಳೆದು ಮತ್ತೆ ಕಟ್ಟಿಕೊಳ್ಳಬಾರದೆಂದು ಸ್ಟೆಂಟಿಗೆ ಔಷಧಿ ಸವರಿರುತ್ತಾರೆ. ಅದೇ ಔಷಧಿಯಿಂದ ಪೊರೆ ಬರುವುದೂ ನಿಧಾನ. ಅದು ಮುಚ್ಚುವವರೆಗೆ ಮಾತ್ರೆಯೇ ಕಾವಲು ಅಂದರು ಡಾಕ್ಟರು.

ಸಣ್ಣಪ್ಪ ಬಹಳ ಹೊತ್ತು ಸ್ಕ್ರೀನನ್ನೇ ನೋಡಿದ. ಆಮೇಲೆ ತನ್ನ ಕಸುಬಿನ ವಿಷಯ ತೆಗೆದ. ಕತ್ತರಿ ತಗುಲಿದ ಕುರಿಗೆ ಬೇವಿನೆಣ್ಣೆ ಹಚ್ಚಿ ಬೇರೆ ಕಟ್ಟುತ್ತಾರೆ. ಅದು ಮೇಯಲಿ, ಕುಣಿಯಲಿ, ಮಂದೆಗೆ ಬಿಡುವುದಿಲ್ಲ. ದಿನಾ ತುಪ್ಪಳ ಸರಿಸಿ ನೋಡಿ, ಚರ್ಮ ಕೂಡಿದ ಮೇಲೇ ಬಿಡುವುದು. ಇಲ್ಲದಿದ್ದರೆ ಗಾಯಕ್ಕೆ ಹುಳ ಬೀಳುತ್ತದೆ.

ನಾವೂ ಈಗ ಮಾಡಿದ್ದು ಅದನ್ನೇ ಅಂತ ಡಾಕ್ಟರು ನಕ್ಕರು. ನಗು ಮುಗಿಸಿ, ಮೊದಲಲ್ಲಿ ಬರೆದೆನಲ್ಲ, ಆ ಪ್ರಶ್ನೆ ಕೇಳಿದರು.

ಸಣ್ಣಪ್ಪ ನನ್ನ ಕಡೆ ತಿರುಗಲೂ ಇಲ್ಲ. ‘ಯಾರೂ ಹೇಳ್ಲಿಲ್ಲ ಸಾರ್. ನಾನೇ ಬಿಟ್ಬಿಟ್ಟೆ.’

ಇಷ್ಟು ವರ್ಷ ಅಂಕಣ ಬರೆದವನಿಗೆ ಒಂದು ವಾಕ್ಯ ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಗುತ್ತದೆ ಕಣ್ರೀ.

ಹೊರಗೆ ಬಂದ ಮೇಲೆ ತಪ್ಪಾಯ್ತು ಅಂದೆ. ಅವನಿಗೆ ಸಿಟ್ಟೇನೂ ಇರಲಿಲ್ಲ. ‘ಕುರಿಗಾದ್ರೆ ತುಪ್ಪಳ ಸರಿಸಿ ನೋಡ್ತೀನಿ ಕಣೋ. ನೀನು ನನ್ ಮಕ ನೋಡಿ ಹೇಳ್ಬಿಟ್ಟೆ. ನಾನೂ ಕೇಳ್ಬಿಟ್ಟೆ’ ಅಂದ.

ಆ ಡಾಕ್ಟರು ಈ ಅಂಕಣ ಓದುತ್ತಾರಂತೆ.

ಸಾರ್, ಹೇಳಿದವನು ನಾನು.