ಲೀಲಕ್ಕನ ಖಾಕಿ ಅಂಗಿ

ಲೀಲಕ್ಕನ ನಗು ಮೊದಲು ಬರುತ್ತಿತ್ತು, ಲೀಲಕ್ಕ ಆಮೇಲೆ. ಬಸವನಬಾಗೇವಾಡಿಯ ನಮ್ಮ ಓಣಿಯ ತಿರುವಿಗೆ ಆಕೆ ಬಂದಳೆಂದರೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಅವ್ವ "ಬಂತ ನೋಡ ಗಿರಣಿ" ಎನ್ನುತ್ತಿದ್ದಳು. ನಿಜಕ್ಕೂ ಅದು ಹಿಟ್ಟಿನ ಗಿರಣಿಯೇ. ಮೊದಲು ಒಂದಿಷ್ಟು ತಡವರಿಸುತ್ತಿತ್ತು, ಶುರುವಾದ ಮೇಲೆ ನಿಲ್ಲಿಸುವವರಿಲ್ಲ. ಪಕ್ಕದ ಮನೆಯ ಬಸಣ್ಣ ಕಾಕಾನ ಮಗಳು ಆಕೆ. ನಾನಾಗ ಒಂಬತ್ತನೆಯ ತರಗತಿಯ ಹುಡುಗಿ. ಆಕೆ ನಕ್ಕರೆ, ಯಾಕೆಂದು ತಿಳಿಯದೆಯೇ ನನಗೂ ನಗು.

ಪಿಯುಸಿ ಮುಗಿಸಿ ಆಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತೇನೆ ಎಂದಾಗ, ಬಟ್ಟೆ ಅಂಗಡಿ ಇಟ್ಟಿದ್ದ ಕಾಕಾ ಗಾಬರಿಯಾದ. ತೊಂಬತ್ತರ ದಶಕ. ಎಂಜಿನಿಯರಿಂಗಿಗೆ ಹೋಗುವ ಹುಡುಗಿಯರೇ ಬೆರಳೆಣಿಕೆಯಷ್ಟು. ಹೋದವರೂ ಕಂಪ್ಯೂಟರ್, ಇಲ್ಲವೇ ಎಲೆಕ್ಟ್ರಾನಿಕ್ಸ್.

"ಕಂಪ್ಯೂಟರ್ ತಗೋವಾ. ಫ್ಯಾನಿನ ಕೆಳಗ ಕುಂತ ಮಾಡೂ ಕೆಲಸ."

"ಆ ಫ್ಯಾನ ತಯಾರ ಮಾಡಾವ್ರು ಯಾರಪ್ಪಾ? ನಾ ಅದನ್ನ ಕಲೀತೇನಿ."

ಕಾಕಾ ಕೊನೆಗೂ ಒಪ್ಪಿದ, ಷರತ್ತು ಹಾಕಿ. "ನಿನ್ನ ಮ್ಯಾಲ ಒಂದ ಮಾತ ಮನೀತನಕ ಬರಲಿ, ಮರುದಿನದಿಂದ ಕಾಲೇಜ ಬಂದ್." ಕಟ್ಟೆಯ ಮೇಲೆ ಕೂತು ಇದನ್ನು ಕೇಳಿದ ನನ್ನ ಅಪ್ಪ, ನನ್ನ ಕಡೆ ತಿರುಗಿ, "ಮೊದಲ ಅಕಿದ ಏನಾಗತೈತಿ ನೋಡೂಣು, ನಿಂದ ಆಮ್ಯಾಲೆ" ಎಂದ. ನನಗೂ ಅದೇ ಹುಚ್ಚು ಹತ್ತಿತ್ತು. ಲೀಲಕ್ಕನ ಕಾಲೇಜು ನಿಂತರೆ ನನ್ನದು ಶುರುವಾಗುವ ಮೊದಲೇ ಮುಗಿದಂತೆ.

ವಿಜಾಪುರದ ಕಾಲೇಜು, ದಿನಾ ಬಸ್ಸಿನ ಓಡಾಟ. ತರಗತಿಯಲ್ಲಿ ಆಕೆಯೊಬ್ಬಳೇ ಹುಡುಗಿ. ಪಕ್ಕ ಕೂರಲು ಹುಡುಗರಿಗೆ ನಾಚಿಕೆ. "ಪೂರಾ ಬೆಂಚ ನಂದ! ಈ ಕಡೆ ನಾ, ಆ ಕಡೆ ನನ್ನ ರೊಟ್ಟಿ ಡಬ್ಬಿ. ಮಾಸ್ತರು 'ಬಾಯ್ಸ್' ಅಂತ ಶುರು ಮಾಡ್ತಾರ, ನನ್ನ ನೋಡ್ತಾರ, ಡಬ್ಬಿ ನೋಡ್ತಾರ, ಪಾಠಾನ ಮರೀತಾರ!" ಎಂದು ನಮ್ಮ ಕಟ್ಟೆಯ ಮೇಲೆ ಉರುಳಾಡುತ್ತಿದ್ದಳು. ಒಬ್ಬಳೇ ಉಣ್ಣುವುದು ಬೇಸರ ಎಂದು ಒಮ್ಮೆ ಮಾತ್ರ ಹೇಳಿದಳು, ಅದೂ ನಗುತ್ತಲೇ.

ವರ್ಕ್‌ಶಾಪಿಗೆ ಖಾಕಿ ಅಂಗಿ, ಪ್ಯಾಂಟು ಬೇಕಾಯಿತು. ಮೌಲಾಸಾಬ ಟೇಲರ್ ಜೀವಮಾನವಿಡೀ ಖಾಕಿ ಹೊಲಿದದ್ದು ಬಸ್ ಕಂಡಕ್ಟರರಿಗೆ. ಅಳತೆಯೇನೋ ಹುಡುಗಿಯದೇ ತೆಗೆದುಕೊಂಡ, ಹೊಲಿಯುವಾಗ ಕೈ ರೂಢಿಯಂತೆ ಹೋಯಿತು. ಭುಜಕ್ಕೆ ಪಟ್ಟಿ, ಎದೆಗೆ ಮುಚ್ಚಳದ ಜೇಬು, ಸೀಟಿ ಕಟ್ಟಿಕೊಳ್ಳಲು ಕುಣಿಕೆ! "ಬಿಚ್ಚಿ ಹೊಲೀತೇನಿ ಬೇಟಿ" ಎಂದು ಆತ ತಲೆ ಕೆರೆದುಕೊಂಡರೆ ಲೀಲಕ್ಕ ಕನ್ನಡಿ ಬಿಟ್ಟು ಕದಲಲಿಲ್ಲ.

"ಬ್ಯಾಡ ಚಾಚಾ, ಮಸ್ತ ಐತಿ. ಸೀಟಿ ಒಂದ ಕಡಿಮಿ!"

ಕಾಲೇಜಿನಲ್ಲಿ ಹುಡುಗಿಯರು ಬಟ್ಟೆ ಬದಲಿಸಲು ಕೋಣೆ ಇರಲಿಲ್ಲ. ಹಾಗಾಗಿ ಮನೆಯಿಂದಲೇ ಖಾಕಿ ತೊಟ್ಟು ಬಸ್ ಹತ್ತಿದಳು. ಹತ್ತಿದ್ದೇ ತಡ, ಒಬ್ಬ ಮುದುಕಿ "ಯವ್ವಾ, ಮನಗೂಳಿಗೆ ಒಂದ ಟಿಕೀಟ ಕೊಡು" ಎಂದು ಕೈ ಚಾಚಿದಳು. ಲೀಲಕ್ಕನ ಮೈಯಲ್ಲಿ ಏನು ಹೊಕ್ಕಿತೋ, ಬಾಗಿಲಲ್ಲಿ ಜೋತಾಡುತ್ತಿದ್ದವರಿಗೆ "ಒಳಗ ಸರೀರಿ, ಬಾಗಲಾ ಬಿಡ್ರಿ!" ಎಂದು ಒದರಿದಳು. ಇಡೀ ಬಸ್ಸು ಸರಿಯಿತು. ನಿಜವಾದ ಕಂಡಕ್ಟರ್ ಮುಂದಿನಿಂದ "ಅಕ್ಕಾರ, ಸಿಂದಗಿ ಟ್ರಿಪ್ಪಿಗೂ ನೀವ ಬರ್ರಿ" ಎಂದನಂತೆ.

ಮಧ್ಯಾಹ್ನದೊಳಗೆ ಸುದ್ದಿ ಬಾಗೇವಾಡಿ ಮುಟ್ಟಿತು: ಬಸಣ್ಣನ ಮಗಳು ಕಾಲೇಜು ಬಿಟ್ಟು ಕಂಡಕ್ಟರ್ ಆಗಿದ್ದಾಳೆ. ಸಂಜೆ ಕಾಕಾ ಅಂಗಡಿಗೆ ಕೀಲಿ ಹಾಕಿ ಬಸ್ ಸ್ಟ್ಯಾಂಡಿಗೆ ನಡೆದ. ಶಾಲೆ ಬಿಟ್ಟು ಬರುತ್ತಿದ್ದ ನಾನು ಹಿಂದೆಯೇ ಓಡಿದೆ.

ಲೀಲಕ್ಕ ಇಳಿದಳು, ಕೈಯೆಲ್ಲ ಮಸಿ.

"ಇದೇನ ಅವತಾರ?" ಎಂದ ಕಾಕಾ.

ಆಕೆ ಆತನ ಅಂಗೈಯಲ್ಲಿ ಒಂದು ಕಬ್ಬಿಣದ ತುಂಡು ಇಟ್ಟಳು. ವರ್ಕ್‌ಶಾಪಿನಲ್ಲಿ ಅರದಿಂದ ಉಜ್ಜಿ ಉಜ್ಜಿ ಮಾಡಿದ್ದು. ಎರಡು ಭಾಗ ಒಂದರೊಳಗೊಂದು ಕೂತಿದ್ದವು. ಮಾಸ್ತರನ್ನು ಕಾಡಿ ಬೇಡಿ ತಂದಿದ್ದಳು.

"ಬಿಸಲಿಗೆ ಹಿಡಿಯಪ್ಪಾ. ನಡುವ ಬೆಳಕ ಕಂಡರ ನಾಳಿಂದ ಮನ್ಯಾಗ ಕುಂಡ್ರತೇನಿ."

ಕಾಕಾ ಕಣ್ಣು ಕಿರಿದು ಮಾಡಿ ಹಿಡಿದ. ತಿರುಗಿಸಿ ಹಿಡಿದ. ಅಷ್ಟರಲ್ಲಿ ಗಂಟು ಹೊತ್ತ ಹೆಂಗಸೊಬ್ಬಳು ಲೀಲಕ್ಕನನ್ನು, "ಮುದ್ದೇಬಿಹಾಳ ಬಸ್ ಎಲ್ಲಿ ನಿಂದರತೈತ್ರಿ ಬಾಯಾರ?" ಎಂದು ಕೇಳಿದಳು.

ತುಂಡಿನಿಂದ ಕಣ್ಣು ತೆಗೆಯದೆ ಕಾಕಾನೇ ಉತ್ತರ ಕೊಟ್ಟ. "ಅಕಿ ಕಂಡಕ್ಟರ್ ಅಲ್ಲ ಯವ್ವಾ, ಎಂಜಿನಿಯರ್ ಅದಾಳ. ಬಸ್ ಆ ಮೂಲ್ಯಾಗ ನಿಂದರತೈತಿ."

ಆ ತುಂಡು ಮುಂದೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತಿತು. ಸೀರೆ ಕೊಳ್ಳಲು ಬಂದವರೆಲ್ಲ ಅದನ್ನು ಬಿಸಿಲಿಗೆ ಹಿಡಿದು ನೋಡಲೇಬೇಕು. ನನ್ನ ಪಿಯುಸಿ ಮುಗಿದಾಗ ಕಾಕಾ ಅದನ್ನೇ ಹಿಡಿದುಕೊಂಡು ಬಂದು ನಮ್ಮಪ್ಪನ ಎದುರು ಕೂತ. ಅಪ್ಪ ಒಪ್ಪದೆ ಎಲ್ಲಿಗೆ ಹೋದಾನು!

ಅದೇ ವರ್ಷ ಲೀಲಕ್ಕನಿಗೆ ಕೊಲ್ಹಾಪುರದ ಕಡೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ತನ್ನ ಖಾಕಿ ಅಂಗಿಯನ್ನು ನನ್ನ ಚೂಡಿದಾರದ ಮೇಲೆಯೇ ತೊಡಿಸಿದಳು. ಕುಣಿಕೆಯಲ್ಲಿ ಹೊಚ್ಚಹೊಸ ಸೀಟಿ. "ಒಂದ ಕಡಿಮಿ ಇತ್ತಲ್ಲ" ಎಂದು ಬಸ್ ಹತ್ತಿದಳು. ನನಗೆ ಅಳು ಒತ್ತರಿಸಿ ಬಂತು. ಅದನ್ನು ಮುಚ್ಚಿಕೊಳ್ಳಲು ಸೀಟಿ ಬಾಯಿಗಿಟ್ಟು ಎರಡು ಸಲ ಜೋರಾಗಿ ಊದಿದೆ.

ಡ್ರೈವರ್ ಅದನ್ನು 'ರೈಟ್' ಎಂದುಕೊಂಡು ಗೇರು ಹಾಕಿದ. ಬಸ್ಸು ಹೊರಟೇಬಿಟ್ಟಿತು! ಕಂಡಕ್ಟರ್ ಇನ್ನೂ ಕ್ಯಾಂಟೀನಿನಲ್ಲಿದ್ದ. ಆತ ಚಹಾದ ಕಪ್ಪು ಹಿಡಿದುಕೊಂಡೇ "ಏ ನಿಂದ್ರಸೋ!" ಎಂದು ಓಡುತ್ತಿದ್ದರೆ, ಲೀಲಕ್ಕ ಕಿಟಕಿಯಿಂದ ಬಾಗಿ ನನಗೆ ಏನೋ ಹೇಳಲು ಹೋಗಿ, ಗಿರಣಿ ಶುರುವಾಗಿ, ಬರೀ ಕೈ ಬೀಸಿದಳು. ಏನು ಹೇಳಲಿದ್ದಳೋ ತಿಳಿಯಲೇ ಇಲ್ಲ. ಆಕೆ ಊರಿಗೆ ಬಂದಾಗ ನಾನಿಲ್ಲ, ನಾನಿದ್ದಾಗ ಆಕೆಯಿಲ್ಲ; ಮತ್ತೆ ನಾವು ಭೇಟಿಯಾಗಲೂ ಇಲ್ಲ.

ಕಾಲೇಜಿನ ಮೊದಲ ದಿನ ನಾನೂ ಬೆಂಚಿನ ಮೇಲೆ ಪಕ್ಕದಲ್ಲಿ ಡಬ್ಬಿ ಇಟ್ಟುಕೊಂಡು ಕೂತೆ. ಇಂಡಿ ತಾಲೂಕಿನಿಂದ ಬಂದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ತರಗತಿಯನ್ನೆಲ್ಲ ನೋಡಿದಳು, ನೇರವಾಗಿ ನನ್ನ ಹತ್ತಿರ ಬಂದಳು.

"ಡಬ್ಬಿ ಸರಸತೀಯೇನ?"

ಸರಿಸಿದೆ. ಲೀಲಕ್ಕನಿಗೆ ಇದನ್ನು ಹೇಳಬೇಕಿತ್ತು.