ಹನುಮಂತಣ್ಣ ಕಂಡ ಮಂಕು

೧೯೯೮ನೇ ಇಸವಿ. ಹರಿಹರದಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಎಂ.ಫಾರ್ಮ್ ಓದುತ್ತಿದ್ದೆ. ಒಂದು ಗಿಡದ ಬೇರಿನ ಸಾರ ಬಾವು ಇಳಿಸುತ್ತದೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುವುದು ನನ್ನ ಕೆಲಸ. ಮದುವೆ ಗೊತ್ತಾಗಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸಿಬಿಡುವ ಅವಸರ ನನಗೆ.

ಇಲಿಗಳ ಕೋಣೆ ನೋಡಿಕೊಳ್ಳುತ್ತಿದ್ದವರು ಕೊಂಡಜ್ಜಿ ಎಂಬ ಊರಿನ ಹನುಮಂತಣ್ಣ. ಐವತ್ತು ದಾಟಿದ ಅಟೆಂಡರ್, ಓದು ಬರಹ ಇಲ್ಲ. ನೆನೆಸಿದ ಕಡಲೆ ಹಿಡಿದು "ಬರ್ರಪ್ಪಾ, ಬರ್ರಿ" ಎಂದು ಪಂಜರ ತಟ್ಟಿದರೆ ಸಾಕು, ಇಲಿಗಳೆಲ್ಲ ಕಂಬಿಗೆ ಮೂಗು ಹಚ್ಚುತ್ತಿದ್ದವು. ಇಲಿ ಹಿಡಿಯಲು ಹೆದರುತ್ತಿದ್ದ ನನಗೆ, "ಹಿಸುಕಬ್ಯಾಡ್ರವ್ವಾ, ಕೂಸಿನಂಗೆ ಹಿಡೀರಿ" ಎಂದು ಕಲಿಸಿದವರೂ ಅವರೇ.

ಪರೀಕ್ಷೆಗೆಂದೇ ಇಲಿಗಳ ಪಾದದಲ್ಲಿ ಬಾವು ಬರಿಸಿದ್ದೆವು. ಸಾರ ಕೊಟ್ಟವುಗಳಲ್ಲಿ ಅದು ಚೆನ್ನಾಗಿ ಇಳಿಯಿತು. ನಾನು ಖುಷಿಯಿಂದ ಅಳತೆ ಬರೆದುಕೊಳ್ಳುತ್ತಿದ್ದಾಗ ಹನುಮಂತಣ್ಣ ಹತ್ತಿರ ಬಂದರು.

"ಅವ್ವಾ, ಔಷಧಿ ಕುಡಿದವು ಕಡಲೆಗೆ ಬರ್ತಾನೇ ಇಲ್ಲ. ಮಂಕಾಗ್ಯಾವೆ. ತಲೆಗೂ ಏನೋ ಆಗೈತೆ."

"ನಿಮ್ಮ ಕೆಲಸ ನೀವು ನೋಡ್ಕೊಳ್ರಿ ಹನುಮಂತಣ್ಣ" ಎಂದು ಸಿಡುಕಿದೆ. ಅವರು ಪೊರಕೆ ಎತ್ತಿಕೊಂಡು ಹೊರಗೆ ಹೋದರು.

ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದೇ ಯೋಚನೆ. ಮರುದಿನ ಸಾರ ಕೊಟ್ಟು ಒಂದು ತಾಸು ಬಿಟ್ಟು ನಾನೇ ಕಡಲೆ ಹಿಡಿದು ಪಂಜರ ತಟ್ಟಿದೆ. ಸಾರ ಕೊಡದ ಇಲಿಗಳು ಓಡಿ ಬಂದವು. ಕೊಟ್ಟವು ಮೂಲೆಯಲ್ಲಿ ತೂಕಡಿಸುತ್ತಿದ್ದವು.

ಮಾರ್ಗದರ್ಶಕರಾದ ಸರ್ ಹತ್ತಿರ ಹೋಗಿ ಹೇಳಿದೆ. "ಭಾಳ ಒಳ್ಳೇದು ಕಂಡಿದೀರಿ. ಮೊದ್ಲು ಯಾರು ಗಮನಿಸಿದ್ದು?" ಎಂದರು. ನಾನೇ ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಹನುಮಂತಣ್ಣ, ಸರ್. ನಾನು ಅವರಿಗೆ ಬೈದುಬಿಟ್ಟೆ."

"ಹಂಗಾದ್ರೆ ಮೊದ್ಲು ಅವರ ಹತ್ರ ಹೋಗಿ ಬರ್ರಿ. ಪ್ರಯೋಗ ಆಮೇಲೆ."

ತಪ್ಪಾಯಿತೆಂದು ಹೇಳುವಾಗ ನನಗೆ ಅಳುವೇ ಬಂತು. ಹನುಮಂತಣ್ಣ ನಕ್ಕರು. "ನನ್ನ ಮಗಳು ಇದಕ್ಕಿಂತ ಜೋರು ಬೈತಾಳೆ, ಬಿಡ್ರವ್ವಾ!"

ಮದುವೆ ಮುಗಿದರೂ ಪ್ರಯೋಗ ಮುಗಿಯಲಿಲ್ಲ; ಬಾವು ಇಳಿಯುವುದಕ್ಕೂ ಆ ಮಂಕಿಗೂ ಸಂಬಂಧ ಇದೆಯೇ ಎಂದು ನೋಡಬೇಕಿತ್ತು. ಕೈತುಂಬ ಹಸಿರು ಬಳೆ ಹಾಕಿಕೊಂಡೇ ಇಲಿಗಳ ಕೋಣೆಗೆ ಹೋಗುತ್ತಿದ್ದೆ. ಮಿದುಳಿನಲ್ಲಿ ಮದ್ದು ಹೋಗಿ ಅಂಟಿಕೊಳ್ಳುವ ತಾಣಗಳಿರುತ್ತವೆ, ಅವಕ್ಕೆ ಗ್ರಾಹಕ (ರಿಸೆಪ್ಟರ್) ಎನ್ನುತ್ತಾರೆ. ನಿದ್ರೆ ಮಾತ್ರೆ ಕೆಲಸ ಮಾಡುವುದು ಅಂಥ ಒಂದು ಗ್ರಾಹಕದ ಮೇಲೆ. ಆ ಗ್ರಾಹಕವನ್ನು ತಡೆಯುವ ಮದ್ದನ್ನು ಮೊದಲು ಕೊಟ್ಟು, ಆಮೇಲೆ ನಮ್ಮ ಸಾರ ಕೊಟ್ಟೆವು. ಆ ದಿನ ಇಲಿಗಳಿಗೆ ಮಂಕು ಹಿಡಿಯಲೇ ಇಲ್ಲ. ಬಾವು ಮಾತ್ರ ಎಂದಿನಂತೆ ಇಳಿಯಿತು. ಸಾರ ಬಾವು ಇಳಿಸುವ ದಾರಿ ಬೇರೆ, ಮಂಪರು ತರುವ ದಾರಿ ಬೇರೆ ಎಂದು ಗೊತ್ತಾಯಿತು. "ನಾನು ಹೇಳಿರ್ಲಿಲ್ವಾ?" ಎಂದು ಹನುಮಂತಣ್ಣ ಇಲಿಗಳಿಗೇ ಹೇಳಿದರು.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಸರ್ ಹೆಸರಿನ ಕೆಳಗೇ ಅವರ ಹೆಸರು ಹಾಕಿದೆ. ಇಂಗ್ಲಿಷಿನಲ್ಲಿದ್ದುದನ್ನು ಅವರಿಗೆ ಕನ್ನಡದಲ್ಲಿ ಹೇಳಿ, ಹೆಸರಿದ್ದ ಸಾಲು ತೋರಿಸಿದೆ. "ಇದೇನಾ ನಾನು?" ಎಂದು ಕೇಳಿದರು. ಹೌದೆಂದಾಗ ಟವೆಲ್ಲಿಗೆ ಕೈ ಒರೆಸಿಕೊಂಡು, ಆಮೇಲೆ ಆ ಸಾಲನ್ನು ಮೆಲ್ಲಗೆ ಮುಟ್ಟಿದರು.

ಈಗ ನಾನೂ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಹುಮ್ಮಸ್ಸಿನಿಂದ ಅಂಕಿಅಂಶ ತಂದು ತೋರಿಸಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಲಿಗಳಿಗೆ ಊಟ ಹಾಕೋರು ಏನಂದ್ರು?"