ಬಾಳು ಮಾಸ್ತರರ ಬೇಸಿಗೆ ಸೂಟಿ

ಬೈಲಹೊಂಗಲದಲ್ಲಿ ಗಂಡಸರು ಕೂಸಿನ ಅರಿವೆ ಒಗೆಯುವ ಕಾಲ ಅದಲ್ಲ. ಆದರೆ ೧೯೭೪ರ ಬೇಸಿಗೆಯಲ್ಲಿ ಬಾಳು ಮಾಸ್ತರರು ದಿನಾ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಮಗಳ ಅರಿವೆಗಳನ್ನು ಕುಕ್ಕಿ ಒಗೆಯುತ್ತಿದ್ದರು. ಅಕ್ಕಪಕ್ಕದ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಲು ಹತ್ತಿದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮಾಸ್ತರರಿಗೂ ಅದು ಕೇಳಿಸುತ್ತಿತ್ತು. ತಲೆ ಎತ್ತದೆ ಹಿಂಡುತ್ತಿದ್ದರು.

ಬೇರೆ ದಾರಿ ಇರಲಿಲ್ಲ. ಹೆಂಡತಿ ರಾಯವ್ವ ಸರಕಾರಿ ದವಾಖಾನೆಯಲ್ಲಿ ಹೆರಿಗೆ ನರ್ಸು. ಅವಳಿಗೆ ಬೇಸಿಗೆ ಸೂಟಿ ಎಂಬುದಿಲ್ಲ. ಸಾಲೆಗೆ ಸೂಟಿ ಬಿಟ್ಟದ್ದು ಮಾಸ್ತರರಿಗೆ. ವರ್ಷ ತುಂಬಿದ ಮಗಳು ಸುಜಾತಾ ಗೋಡೆ ಹಿಡಿದು ಹೆಜ್ಜೆ ಹಾಕಲು ಕಲಿತಿದ್ದಳು, ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕುತ್ತಿದ್ದಳು. ಮಾಸ್ತರರ ತಂದೆಯ ಕಾಲಕ್ಕೆ ಬೌದ್ಧ ಧರ್ಮಕ್ಕೆ ಸೇರಿದ ಮನೆತನ ಅದು. ಬುದ್ಧನಿಗೆ ಪಾಯಸ ಉಣಿಸಿದವಳ ಆ ಹೆಸರನ್ನು ಮಗಳಿಗೆ ಮಾಸ್ತರರೇ ಆಸೆಪಟ್ಟು ಇಟ್ಟಿದ್ದರು.

ಮನೆ ಸಿಕ್ಕಿದ್ದೇ ಒಂದು ಆಶ್ಚರ್ಯ. ಊರಿನ ನಡುವಿನ ಓಣಿಯಲ್ಲಿ ತಮ್ಮಂಥವರಿಗೆ ಯಾರೂ ಮನೆ ಕೊಡಲಾರರು ಎಂದು ಗಂಡ ಹೆಂಡತಿ ತಿಳಿದುಕೊಂಡಿದ್ದರು. ಆದರೆ ಹತ್ತಿ ವ್ಯಾಪಾರದ ಸಾವ್ಕಾರ ಮಹಾಂತಪ್ಪನವರು ತಾವಾಗಿಯೇ ಕರೆದು ಕೀಲಿ ಕೊಟ್ಟರು. ಅದು ಅವರ ಹಳೆಯ ಮನೆ. ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿತ್ತು. ಅವರು ಹಿತ್ತಲಿನಾಚೆ ಹೊಸ ಮನೆ ಕಟ್ಟಿಸಿಕೊಂಡಿದ್ದರು. ಎರಡೂ ಹಿತ್ತಲುಗಳ ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲೊಂದು ಗಿಡ್ಡ ಬಾಗಿಲು. ಬೆಳಿಗ್ಗೆ ನೀರಿಗೆ ಹೋದರೆ ಮಹಾಂತಪ್ಪನವರ ಹೆಂಡತಿ ರಾಚವ್ವ ಆ ಬಾಗಿಲ ಬಳಿ ನಿಂತು ರಾಯವ್ವನ ಕೊಡಕ್ಕೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಕೊಡಕ್ಕೆ ತಂಬಿಗೆ ತಾಗುತ್ತಿರಲಿಲ್ಲ. ಮಾತೂ ಇರಲಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ಬಿಸಿಲು ಓಣಿಯನ್ನು ಖಾಲಿ ಮಾಡುತ್ತಿತ್ತು. ಊಟವಾದ ಮೇಲೆ ನಾಯಿಗಳೂ ಗಟಾರದಲ್ಲಿ ಮಲಗಿಬಿಡುತ್ತಿದ್ದವು. ಮಾಸ್ತರರು ಕೂಸಿಗೆ ನುಚ್ಚು ತಿನ್ನಿಸಿ, ಹಳೆಯ ಸೀರೆಯ ಜೋಳಿಗೆಯಲ್ಲಿ ಹಾಕಿ ತೂಗುತ್ತ ತೂಗುತ್ತ ತಾವೇ ಚಾಪೆಯ ಮೇಲೆ ಒರಗಿ ನಿದ್ದೆ ಹೋಗುತ್ತಿದ್ದರು. ಏಳುವಾಗ ನೆರಳು ಅಂಗಳ ದಾಟಿರುತ್ತಿತ್ತು.

ಒಂದು ಸಂಜೆ ರಾಯವ್ವ ಕೂಸನ್ನು ಎತ್ತಿಕೊಂಡು ಅದರ ತಲೆ ಮೂಸಿದಳು. “ಎಣ್ಣಿ ಭಾಳ ಚಲೋ ಹಚ್ಚೀರಿ. ಕಲತ್ರಿ ಹಂಗಾರ.”

ಬೆಳಿಗ್ಗೆ ಅವಳೇ ಹಚ್ಚಿ ಹೋಗಿರಬೇಕು, ಮರೆತಿದ್ದಾಳೆ ಎಂದುಕೊಂಡರು ಮಾಸ್ತರರು. ಹೊಗಳಿಕೆ ಬಂದದ್ದು ಬರಲಿ ಎಂದು ಸುಮ್ಮನಾದರು.

ಮರುದಿನ ಅಂಗಾಲಿನಲ್ಲಿ ಕಾಡಿಗೆಯ ಬೊಟ್ಟು ಇತ್ತು. ಅದರ ಮರುದಿನ ಕೂಸು ನಿದ್ದೆಯಿಂದೆದ್ದು ಹಾಲಿಗೆ ಬಾಯಿ ತೆರೆಯಲಿಲ್ಲ. ಹೊಟ್ಟೆ ತುಂಬಿದ ಕೂಸಿನಂತೆ ತಲೆ ತಿರುಗಿಸಿತು. ಅದರ ಬಾಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಮನೆಯಲ್ಲಿ ಬೆಲ್ಲ ಮುಗಿದು ವಾರವಾಗಿತ್ತು. ಮಾಸ್ತರರು ಎದ್ದು ಮುಂಬಾಗಿಲು ನೋಡಿದರು, ಚಿಲಕ ಹಾಕಿದಂತೆಯೇ ಇತ್ತು. ಹಿಂಬಾಗಿಲು ನೋಡಿದರು. ಒಂದು ತುದಿಗೆ ಮೊಳೆ ಹೊಡೆದ ಕಟ್ಟಿಗೆಯ ಅಗಳಿ ಕೊಕ್ಕೆಯಲ್ಲಿ ಬಿದ್ದಂತೆಯೇ ಇತ್ತು.

ಆಮೇಲೊಂದು ದಿನ ರಾಯವ್ವ ದವಾಖಾನೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಕೂಸಿನ ಹಣೆಯ ಮೇಲೆ ವಿಭೂತಿ ಎಳೆದಿತ್ತು. ಮೂರು ಬೆರಳಿನ ಗೆರೆ, ಒಂದಿಷ್ಟೂ ಅಳಿಸಿರಲಿಲ್ಲ.

“ಯಾರ್ ಹಚ್ಚಿದ್ರು ಇದನ್ನ?”

“ನಾ ಅಲ್ಲ.”

“ನೀವಲ್ಲ, ನಾನೂ ಅಲ್ಲ. ಹಂಗಾರ ಕೂಸು ತಾನ ಹಚ್ಚಿಕೊಂಡೈತೇನು?”

ಮಾಸ್ತರರು ಎಣ್ಣೆಯ ಮಾತನ್ನೂ ಕಾಡಿಗೆಯ ಮಾತನ್ನೂ ಆಗ ಹೇಳಿದರು. ರಾಯವ್ವ ಕೂಸನ್ನು ಎದೆಗೆ ಒತ್ತಿ ಹಿಡಿದು ಬಾಗಿಲು ಮುಂದಕ್ಕೆ ಎಳೆದಳು. ಬಳಿಕ ದನಿ ತಗ್ಗಿಸಿ ಹೇಳಿದಳು. “ನಿಮಗ ಹೇಳಬಾರದಂತ ಸುಮ್ನಿದ್ದೆ. ನಮ್ಮ ದವಾಖಾನಿ ಆಯಾ ಹೇಳ್ತಿದ್ಲು. ಈ ಮನ್ಯಾಗ ಸಾವ್ಕಾರ್ರ ಕೂಸು ತೀರಿಕೊಂಡೈತಂತ. ಹೆಣ್ಣಕೂಸು. ನಮ್ಮ ಸುಜಾತಾನಷ್ಟ ಇತ್ತಂತ. ಇಂಥಾದ್ದ ಬ್ಯಾಸಗಿ, ಮಧ್ಯಾಹ್ನದಾಗ.”

“ಹೆಸರೇನಂತ?”

“ನೀಲವ್ವ.”

ಆ ಹೆಸರನ್ನು ಮಾಸ್ತರರು ಕೇಳಿದ್ದರು. ನಾಲ್ಕೈದು ದಿನಗಳಿಂದ ಮಧ್ಯಾಹ್ನದ ಅರೆನಿದ್ದೆಯಲ್ಲಿ, ಬಾವಿಯೊಳಗಿಂದ ಬಂದಂತೆ, ಯಾರೋ ಆ ಹೆಸರು ಹಿಡಿದು ಕರೆಯುತ್ತಿದ್ದರು. ಕನಸೆಂದುಕೊಂಡಿದ್ದರು.

ದೆವ್ವ ಭೂತ ಸುಳ್ಳು ಎಂದು ಸಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರು ಅವರು. ಮನೆಯಲ್ಲೂ ಹಾಗೇ ನಡೆದುಕೊಳ್ಳುವವರು. ಮರುದಿನ ಬೆಳಿಗ್ಗೆ ರಾಯವ್ವ ಹೋದ ಮೇಲೆ ಕೂಸು ನೆಲದ ಮೇಲೆ ಕೂತು ಒಂದು ಚಮಚೆ ಬಡಿಯುತ್ತಿತ್ತು. ಮಾಸ್ತರರು ಅದರ ಬೆನ್ನ ಹಿಂದೆ ನಿಂತು, “ಸುಜಾತಾ” ಎಂದು ಕರೆದರು. ಕೂಸು ಚಮಚೆ ಬಡಿಯುತ್ತಲೇ ಇತ್ತು. ಇನ್ನೊಮ್ಮೆ ಕರೆದರು. ತಿರುಗಲಿಲ್ಲ. ಮೆಲ್ಲಗೆ, ತಮಗೇ ಕೇಳಿಸದಷ್ಟು ಮೆಲ್ಲಗೆ ಅಂದರು, “ನೀಲವ್ವಾ.”

ಕೂಸು ಚಮಚೆ ಬಿಟ್ಟು ತಿರುಗಿತು. ಹಲ್ಲು ಮೂಡುತ್ತಿದ್ದ ಬಾಯಿ ತೆರೆದು ನಕ್ಕಿತು. ಅವರನ್ನು ನೋಡಿ ಅಲ್ಲ. ಅವರ ಹಿಂದಿನ ಹಿತ್ತಲ ಬಾಗಿಲನ್ನು ನೋಡಿ.

ಆ ಮಧ್ಯಾಹ್ನ ಮಾಸ್ತರರು ಊಟ ಮಾಡಲಿಲ್ಲ. ಕೂಸನ್ನು ಜೋಳಿಗೆಯಲ್ಲಿ ಹಾಕಿ, ದಿನದಂತೆ ಚಾಪೆಯ ಮೇಲೆ ಮಲಗಿ, ಕಣ್ಣನ್ನು ಎಳೆಯಷ್ಟು ತೆರೆದುಕೊಂಡು ಕಾದರು. ಹೊರಗೆ ಬಿಸಿಲು ಹಲಗೆಯಂತೆ ನಿಂತಿತ್ತು. ಒಂದು ಕಾಗೆ ಕೂಗಿ ಸುಮ್ಮನಾಯಿತು. ಜೋಳಿಗೆಯೊಳಗೆ ಕೂಸು ಎಚ್ಚರವಿತ್ತು. ಅಳುತ್ತಿರಲಿಲ್ಲ. ಅದೂ ಕಾಯುತ್ತಿದೆ ಎಂದು ಮಾಸ್ತರರಿಗೆ ತಟ್ಟನೆ ಹೊಳೆಯಿತು.

ಹಿಂಬಾಗಿಲಿನ ಅಗಳಿ ತನ್ನಷ್ಟಕ್ಕೆ ತಾನೇ ಮೇಲೆದ್ದಿತು.

ಬಾಗಿಲ ಸಂದಿಯಲ್ಲಿ ಒಂದು ತೆಳ್ಳನೆಯ ಕಡ್ಡಿ ಕಂಡಿತು. ಕಡ್ಡಿ ಅಗಳಿಯನ್ನು ಎತ್ತಿ ಹಿಡಿದಿತ್ತು. ಬಾಗಿಲು ಸಪ್ಪಳವಿಲ್ಲದೆ ಸರಿಯಿತು. ತಲೆಯ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಒಳಗೆ ಬಂದಳು. ಬರಿಗಾಲು. ನೆಲದ ಯಾವ ಕಲ್ಲು ಎಲ್ಲಿ ಏರಿದೆ ಎಂದು ಮೊದಲೇ ಗೊತ್ತಿದ್ದವಳಂತೆ, ಕೆಳಗೆ ನೋಡದೆ ನಡೆದಳು. ಜೋಳಿಗೆಯ ಬಳಿ ಕೂತಾಗ ಸೆರಗು ಜಾರಿತು. ರಾಚವ್ವ!

“ಹಸದೀಯೇನ ನನ್ನವ್ವಾ? ನೀಲವ್ವಾ?”

ಕೂಸು ಎರಡೂ ಕೈ ಚಾಚಿತು. ನೀರು ಸುರಿಯುವಾಗ ತಂಬಿಗೆ ತಾಗಿಸದ ಆ ಕೈಗಳು ಕೂಸನ್ನು ಎತ್ತಿ ಎದೆಗೆ ಇಟ್ಟುಕೊಂಡವು. ಸಣ್ಣ ಬಟ್ಟಲಿನಿಂದ ಬೆಲ್ಲ ಕದಡಿದ ಹಾಲನ್ನು ಬೆರಳಲ್ಲಿ ಅದ್ದಿ ಅದ್ದಿ ಕುಡಿಸಿದವು. ರಾಚವ್ವನ ಮುಖದಲ್ಲಿ ದುಃಖವಿರಲಿಲ್ಲ, ಸಂತೋಷವೂ ಇರಲಿಲ್ಲ. ದಿನದ ಕೆಲಸ ಮಾಡುವವರ ಮುಖ ಅದು. ನಡುವೆ ಒಮ್ಮೆ ತಿರುಗಿ ಚಾಪೆಯತ್ತ ನೋಡಿದರು. ಮಾಸ್ತರರು ಕಣ್ಣು ಮುಚ್ಚಿಕೊಂಡರು.

“ಮಲಗ್ಯಾನ” ಎಂದರು ರಾಚವ್ವ, ಕೂಸಿಗೆ. “ದಿನಾ ಮಲಗ್ತಾನ. ಮಲಗಬಾರದು, ಹೌದಿಲ್ಲೋ? ನಿನ್ನ ತೊಟ್ಟಲಾ ಅಟ್ಟದಿಂದ ಇಳಿಸೇನವ್ವಾ. ಒರಸಿ ಇಟ್ಟೇನಿ. ಇನ್ನ ಮನಿಗೆ ಹೋಗೂಣು.”

ಅವರು ಹೋದರು. ಅಗಳಿ ಮೆಲ್ಲಗೆ ಇಳಿದು ಕೊಕ್ಕೆಯಲ್ಲಿ ಕೂತಿತು.

ಸಂಜೆ ಎಲ್ಲ ಕೇಳಿಸಿಕೊಂಡ ರಾಯವ್ವ, “ಅಕಿ ದೆವ್ವ ಅಲ್ಲಲಾ, ಅದಕ್ಕ ನನಗ ಹೆಚ್ಚು ಅಂಜಿಕಿ” ಎಂದಳು. “ದೆವ್ವಕ್ಕ ಕೂಸನ್ನ ಎತಗೊಂಡು ಹೋಗಾಕ ಬರೂದಿಲ್ಲ.”

“ಸಾವ್ಕಾರ್ರಿಗೆ ಹೇಳ್ಲೇನು?”

“ಏನಂತ ಹೇಳ್ತೀರಿ? ನಡು ಮಧ್ಯಾಹ್ನ ನಿಮ್ಮ ಮನಿ ಹೆಣ್ಣಮಗಳು ನಮ್ಮ ಮನ್ಯಾಗ ಬರ್ತಾಳಂತ? ನಾ ಮನ್ಯಾಗ ಇಲ್ಲದಾಗ? ಓಣಿ ಮಂದಿ ನಿಮ್ಮನ್ನ ಬಡದ ಹಾಕ್ತಾರ.” ಅವಳು ಯೋಚಿಸಿದಳು. “ಆಯಿತವಾರ ನನಗ ರಜಾ ಐತಿ. ನಾನ ಹೋಗಿ ಅಕಿ ಕೂಡ ಮಾತಾಡತೇನಿ. ಅಲ್ಲೀಮಟಾ ಆ ಅಗಳಿ ಕಟ್ಟಿಬಿಡ್ರಿ.”

ಮಾಸ್ತರರು ಅಗಳಿಗೆ ಹಗ್ಗ ಸುತ್ತಿ ಬಿಗಿದರು. ಮರುದಿನ ಮಧ್ಯಾಹ್ನ ಕಡ್ಡಿ ಬಂತು. ಅಗಳಿಗೆ ತಾಗಿತು, ಒತ್ತಿತು, ಮತ್ತೆ ಒತ್ತಿತು. ಬಳಿಕ ಬಾಗಿಲ ಆಚೆ ಬಹಳ ಹೊತ್ತು ಉಸಿರಾಟವೊಂದೇ ಕೇಳಿಸಿತು. ಕೂಸು ಬಾಗಿಲತ್ತ ಅಂಬೆಗಾಲಿಟ್ಟು ಹೋಗಿ ಹಲಗೆಗೆ ಅಂಗೈ ಬಡಿದು ಅತ್ತಿತು. ಮಾಸ್ತರರು ಅದನ್ನು ಎಳೆದುಕೊಂಡು ಬಂದು ಎದೆಗವಚಿ ಗೋಡೆಗೆ ಒರಗಿ ಕೂತರು. ಆ ರಾತ್ರಿ ಗಂಡ ಹೆಂಡತಿ ಇಬ್ಬರೂ ಸರಿಯಾಗಿ ಮಲಗಲಿಲ್ಲ.

ಶನಿವಾರ ಸೆಕೆ ಹೇಳತೀರದು. ನಿದ್ದೆಗೆಟ್ಟ ಕಣ್ಣು ಊಟವಾಗುತ್ತಲೇ ತಾವಾಗಿ ಮುಚ್ಚುತ್ತಿದ್ದವು. ಕೂಸು ಜೋಳಿಗೆಯಲ್ಲಿ ನಿದ್ದೆ ಹೋಗಿತ್ತು. ತಲೆಗೆ ನಾಲ್ಕು ತಂಬಿಗೆ ನೀರು ಹಾಕಿಕೊಂಡರೆ ಎಚ್ಚರವಿರಬಹುದೆಂದು ಮಾಸ್ತರರು ಬಚ್ಚಲಿಗೆ ಹೋದರು. ಗಾಳಿಗೆಂದು ಮುಂಬಾಗಿಲು ತೆರೆದೇ ಇತ್ತು. ಅವರ ಚಿಂತೆಯೆಲ್ಲ ಹಿಂಬಾಗಿಲಿನದು.

ತಲೆ ಒರೆಸಿಕೊಳ್ಳುತ್ತ ಬಂದಾಗ ಜೋಳಿಗೆ ಹಗುರಾಗಿ ತೂಗುತ್ತಿತ್ತು. ಒಳಗೆ ಏನೂ ಇರಲಿಲ್ಲ.

ಒದ್ದೆ ಧೋತರದಲ್ಲೇ ಓಡಿದರು. ಓಣಿಯಲ್ಲಿ ಒಂದು ಜೀವವೂ ಇರಲಿಲ್ಲ. ಬಿಸಿಲಿಗೆ ಕಾದ ಕಲ್ಲು ಅಂಗಾಲು ಸುಟ್ಟವು. ಓಣಿ ಸುತ್ತಿ ಮಹಾಂತಪ್ಪನವರ ಮನೆಯ ಮುಂದೆ ಬಂದು, ಕಟ್ಟೆಯ ಕೆಳಗೆ ಕಾಲು ತಾನಾಗಿ ನಿಂತಿತು. ಆ ಕಟ್ಟೆಯನ್ನು ಅವರು ಎಂದೂ ಹತ್ತಿರಲಿಲ್ಲ. ಬಾಗಿಲು ತೆರೆದಿತ್ತು. ಮಹಾಂತಪ್ಪನವರು ನಿದ್ದೆಗಣ್ಣಲ್ಲಿ, ಬನಿಯನ್ನಿನಲ್ಲಿ, ಪಡಸಾಲೆಯ ಕಂಬ ಹಿಡಿದು ಒಳಗಿನ ಖೋಲಿಯತ್ತ ನೋಡುತ್ತ ನಿಂತಿದ್ದರು. ಮಾಸ್ತರರನ್ನು ಕಂಡು ಕೈಬೀಸಿ ಕರೆದರು.

“ಮಾಸ್ತರ… ಒಳಗ ಬರ್ರಿ. ಲಗೂನ ಬರ್ರಿ.”

ಖೋಲಿಯಲ್ಲಿ ಬಣ್ಣದ ತೊಟ್ಟಿಲು ತೂಗುತ್ತಿತ್ತು. ಕೊಂಡಿಯ ಕಿರ್ ಕಿರ್ ಸಪ್ಪಳ ಬಿಟ್ಟರೆ ಮನೆಯಲ್ಲಿ ಬೇರೆ ದನಿಯಿಲ್ಲ. ಸುಜಾತಾ ತಲೆಗೆ ಹಳದಿಗಟ್ಟಿದ ಜರಿಯ ಕುಲಾವಿ ತೊಟ್ಟು ಅಂಗಾತ ಮಲಗಿದ್ದಳು. ಕೈಕಾಲು ಅಲುಗುತ್ತಿರಲಿಲ್ಲ. ಬದಿಯಲ್ಲಿ ರಾಚವ್ವ, ಬೆರಳು ತುಟಿಗೆ ಇಟ್ಟುಕೊಂಡು.

“ಸಪ್ಪಳ ಮಾಡಬ್ಯಾಡ್ರಿ. ನೀಲವ್ವ ಈಗರ ಮಲಗ್ಯಾಳ.”

ಮಾಸ್ತರರು ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದರು. ಒದ್ದೆ ಬೆರಳಿಗೆ ಏನೂ ತಿಳಿಯಲಿಲ್ಲ. ಮಗಳು ಹೋದಳೆಂದೇ ಅವರಿಗೆ ಅನಿಸಿತು. ಆಮೇಲೆ ಬೆರಳಿಗೆ ಬೆಚ್ಚಗೆ ಏನೋ ತಾಗಿತು, ಮತ್ತೆ ತಾಗಿತು. ಅವರು ಕೂಸನ್ನು ಬಾಚಿ ಎತ್ತಿಕೊಂಡರು. ಅದು ಬೆಚ್ಚಿ ಎದ್ದು ಚೀರಿ ಅತ್ತಿತು. ತಂದೆಯ ಹೆಗಲ ಮೇಲಿಂದ ರಾಚವ್ವನತ್ತ ಕೈ ಚಾಚಿ ಅತ್ತಿತು.

ಸಂಜೆ ದವಾಖಾನೆಯ ಬಿಳಿ ಸೀರೆಯಲ್ಲೇ ರಾಯವ್ವ ಆ ಮನೆಗೆ ಹೋದಳು. ಜಗಳ ತೆಗೆಯುತ್ತಾಳೆಂದು ಮಹಾಂತಪ್ಪನವರು ಕೈಮುಗಿದು ಅಡ್ಡ ನಿಂತರು. ಅವಳು ಅವರನ್ನು ದಾಟಿ ಒಳಗೆ ಹೋಗಿ ಖಾಲಿ ತೊಟ್ಟಿಲ ಬಳಿ ನೆಲಕ್ಕೆ ಕೂತಳು.

“ಅಕ್ಕಾರ, ನೀಲವ್ವ ಹೆಂಗ ಹೋದ್ಲು? ನನಗ ಹೇಳ್ರಿ.”

ರಾಚವ್ವ ಅವಳ ಮುಖ ನೋಡಿದರು. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ದುಃಖ ಹೆಚ್ಚಾದೀತೆಂದು ಬೀಗರು ಬಿಜ್ಜರು ಎಲ್ಲ ಬಾಯಿ ಕಟ್ಟಿಕೊಂಡಿದ್ದರು.

“ನನ್ನ ಮಗ್ಗಲದಾಗ ಇತ್ತವ್ವಾ” ಎಂದರು. “ಮೈ ಬೆಚ್ಚಗಿತ್ತು. ಮಧ್ಯಾಹ್ನ ಕಣ್ಣು ಹತ್ತಿಬಿಡ್ತು ನನಗ. ಎದ್ದು ನೋಡ್ತೇನಿ, ತಣ್ಣಗಾಗಿತ್ತು. ಕರದಿತ್ತೋ ಏನೋ. ಅತ್ತಿತ್ತೋ ಏನೋ. ನನಗ ಕೇಳಿಸಲಿಲ್ಲ.” ತೊಟ್ಟಿಲ ಅಂಚು ಸವರುತ್ತ ಮತ್ತೆ ಅಂದರು, “ಅವತ್ತಿನಿಂದ ನಾ ಮಧ್ಯಾಹ್ನ ಕಣ್ಣು ಮುಚ್ಚಿಲ್ಲ. ನಿನ್ನ ಗಂಡ ಬಾಯಿ ತಕ್ಕೊಂಡು ಮಲಗಿದ್ದ. ಕೂಸು ಒಂದ ಇತ್ತು. ಯಾರರ ಎಚ್ಚರ ಇರಬೇಕಲ್ಲವ್ವಾ.”

ರಾಯವ್ವ ಅವರ ಕೈ ಹಿಡಿದುಕೊಂಡಳು. ರಾಚವ್ವ ಬಿಡಿಸಿಕೊಳ್ಳಲಿಲ್ಲ. ಹೇಳುತ್ತ ಹೋದರು, ಹಲ್ಲು ಮೂಡಿದ್ದು, ಮೊದಲ ಸಲ ನಿಂತದ್ದು, ಯಾವ ಕುಲಾವಿ ಯಾರು ತಂದದ್ದು. ಕತ್ತಲಾಗುವವರೆಗೆ ರಾಯವ್ವ ಎದ್ದಿರಲಿಲ್ಲ.

ಮರುದಿನ ಮಧ್ಯಾಹ್ನ ಮಹಾಂತಪ್ಪನವರು ಗಾಬರಿಯಿಂದ ಓಡಿ ಬಂದರು. “ನರ್ಸಬಾಯಿ, ಎಷ್ಟ ಎಬ್ಬಿಸಿದ್ರೂ ಏಳವಲ್ಲಳು.” ರಾಯವ್ವ ಹೋಗಿ ನಾಡಿ ಹಿಡಿದು ನೋಡಿದಳು. “ನಿದ್ದಿ ಹತ್ತೈತ್ರಿ ಸಾವ್ಕಾರ್ರ. ಮಲಗ್ಲಿ ಬಿಡ್ರಿ” ಎಂದಳು.

ಆದರೆ ಕೂಸಿನ ವಿಷಯದಲ್ಲಿ ರಾಯವ್ವ ಮೆತ್ತಗಾಗಲಿಲ್ಲ. ರಾಚವ್ವನಿಗೆ ನೇರವಾಗಿ ಹೇಳಿದಳು, “ಬರೂದಾದ್ರ ಮುಂದಿನ ಬಾಗಲದಿಂದ ಬರ್ರಿ. ನಾವು ಎಚ್ಚರ ಇದ್ದಾಗ ಬರ್ರಿ.” ಹಿಂಬಾಗಿಲಿಗೆ ಮಾಸ್ತರರು ಮೊಳೆ ಹೊಡೆದರು. ರಾಮದುರ್ಗಕ್ಕೆ ಪತ್ರ ಹೋಗಿ, ರಾಯವ್ವನ ತಾಯಿ ಶೆಟ್ಟೆವ್ವ ಗಂಟು ಹೊತ್ತುಕೊಂಡು ಬಸ್ಸಿಳಿದಳು.

ರಾಚವ್ವ ಬರಲಿಲ್ಲ. ಮೇ ಮುಗಿಯಿತು. ಸಾಲೆಗಳು ತೆರೆದವು. ಒಂದು ಮಳೆ ಬಿದ್ದು ಓಣಿಯ ಧೂಳು ಅಡಗಿದ ದಿನ, ಮಾಸ್ತರರು ಸಾಲೆಯಿಂದ ಬರುವ ಹೊತ್ತಿಗೆ, ರಾಚವ್ವ ಮುಂಬಾಗಿಲ ಹೊರಗೆ ನಿಂತಿದ್ದರು. ಮಾಳಿಗೆಯ ಮೇಲಿನ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

“ಬರಲೇನು?” ಎಂದು ಕೇಳಿದರು.

“ಬರ್ರಿ, ಕುಂದರ್ರಿ” ಎಂದಳು ಶೆಟ್ಟೆವ್ವ, ಚಾಪೆ ಸರಿಸಿ.

ಅವರು ಕೂತು ಕೂಸಿನತ್ತ ಕೈ ಚಾಚಿದರು. ಸುಜಾತಾ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದಳು. ಗುರುತು ಹತ್ತಲಿಲ್ಲ. ಅಜ್ಜಿಯ ಬೆನ್ನ ಹಿಂದೆ ಸರಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಮರತೈತಿ” ಎಂದರು ರಾಚವ್ವ, ಕೈ ಮಡಿಲಲ್ಲಿ ಇಟ್ಟುಕೊಂಡು.

“ಸಣ್ಣ ಕೂಸರೀ, ಮರೀತಾವ” ಎಂದಳು ಶೆಟ್ಟೆವ್ವ. “ಚಾ ಇಡ್ತೇನಿ. ಕುಡೀತೀರಲ್ಲ?”

ರಾಚವ್ವ ಬಾಗಿಲತ್ತ ನೋಡಿದರು. ಮಾಳಿಗೆಯ ಹೆಂಗಸರು ಇನ್ನೂ ಅಲ್ಲೇ ಇದ್ದರು.

“ಇಡ್ರಿ” ಎಂದರು.